ಬಾನೆಟ್ಟಿನ ಒಳಬದಿ

ಜನವರಿ ೩೧, ಶುಕ್ರವಾರ. ವಾಡಿ

ಸಿಟ್ಟಿನಲ್ಲಿ ಬರೆಯಬಾರದು ಎಂದು ಎಷ್ಟೋ ವರ್ಷದಿಂದ ನಿಯಮ ಮಾಡಿಕೊಂಡಿದ್ದೆ. ಇವತ್ತು ಸಿಟ್ಟನ್ನು ಬಿಟ್ಟರೆ ಬರೆಯಲು ಬೇರೇನೂ ಇಲ್ಲ.

ನಿನ್ನೆ ಗುರುವಾರ, ಲಸಿಕೆಯ ದಿನ. ರಮಾ ಬೆಳಗ್ಗೆ ಲಸಿಕೆ ಡಬ್ಬಿಯನ್ನು ಹಿಂದಿನ ಸೀಟಿನಲ್ಲಿ ಇಟ್ಟುಕೊಂಡು, ಚಿತ್ತಾಪುರದಲ್ಲಿ ಆಶಾ ಕಾರ್ಯಕರ್ತೆ ಹಣಮವ್ವನನ್ನು ಹತ್ತಿಸಿಕೊಂಡು, ತಾನು ನರ್ಸ್ ಆಗಿರುವ ದಂಡೋತಿಯ ಆಸ್ಪತ್ರೆಗೆ ಕಾರಿನಲ್ಲಿ ಹೊರಟಿದ್ದಾಳೆ. ಕಾಗಿಣಾ ಸೇತುವೆಯ ಇಳಿಜಾರಿನಲ್ಲಿ ಕಲ್ಲು ಹೇರಿದ ಟ್ರ್ಯಾಕ್ಟರ್ ನಿಂತಿತ್ತಂತೆ. ಬ್ರೇಕ್ ಒತ್ತಿದ್ದಾಳೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದು. ಗಾಡಿ ನಿಂತಿಲ್ಲ. ಟ್ರ್ಯಾಕ್ಟರಿಗೆ ಹೊಡೆಯುವ ಬದಲು ಎಡಕ್ಕೆ ತಿರುಗಿಸಿ ಸೇತುವೆಯ ಮೋಟುಕಂಬಕ್ಕೆ ಗುದ್ದಿದ್ದಾಳೆ. ಅವಳ ಎಡ ಮುಂಗೈ ಮುರಿದಿದೆ. ಆರು ವಾರ ಪ್ಲಾಸ್ಟರ್. ಹಣಮವ್ವನ ಎರಡು ಹಲ್ಲು ಹೋಗಿವೆ. ಬಾನೆಟ್ ಎದ್ದು ನಿಂತಿತ್ತಂತೆ. ಅದರ ಎದುರಿಗೇ ರಸ್ತೆಯ ಮೇಲೆ ಕೂತು ಹಣಮವ್ವ ಬಾಯಿ ತೊಳೆದುಕೊಂಡಳಂತೆ.

ಗಾಡಿಯನ್ನು ಮನೆಯವರೆಗೆ ಎಳೆದು ತಂದವನು ಮಜೀದಸಾಬ. ಚಿತ್ತಾಪುರ ರಸ್ತೆಯಲ್ಲಿ ಗ್ಯಾರೇಜು ಇಟ್ಟುಕೊಂಡವನು. ನನ್ನ ಸ್ಕೂಟರಿನ ಕಾಲದಿಂದ, ಇಪ್ಪತ್ತು ವರ್ಷದಿಂದ, ನಮ್ಮ ಗಾಡಿಗಳಿಗೆ ಅವನೇ.

"ಗ್ಯಾರೇಜಿಗಿ ಒಯ್ಲೇನ್ರಿ ಸಾಹೇಬ್ರ?"

"ನಿನ್ನ ಗ್ಯಾರೇಜಿಗಿ ಬ್ಯಾಡ. ಇಲ್ಲೇ ಬಿಟ್ಟು ಹೋಗು."

ನನ್ನನ್ನು ನೋಡಿದ. ರಮಾಳ ಪ್ಲಾಸ್ಟರ್ ನೋಡಿದ. ಸೊಟ್ಟಗಾದ ಬಾನೆಟ್ಟನ್ನು ತಂತಿಯಿಂದ ಕಟ್ಟಿ ಹೊರಟುಹೋದ. ಒಂದು ಮಾತೂ ಇಲ್ಲ. ಆಡಲು ಅವನಿಗೆ ಏನು ಉಳಿದಿದೆ? ನವೆಂಬರ್‌ನಲ್ಲಿ ಅದೇ ಗಾಲಿ ಬಿಚ್ಚಿ ನೋಡಿ, ಎಲ್ಲಾ ಸರಿ ಇದೆ ಎಂದವನು.

ಫೆಬ್ರವರಿ ೨, ಭಾನುವಾರ

ನಮ್ಮ ಸಿಮೆಂಟ್ ಫ್ಯಾಕ್ಟರಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಇನ್ನೂರ ನಲವತ್ತು ಜನರಿದ್ದಾರೆ. ಬರೆದದ್ದು ಇಷ್ಟು: "ಗ್ಯಾರೇಜಿನ ಮಜೀದಸಾಬ ಸರಿಯಾಗಿ ನೋಡದೆ ಬಿಟ್ಟ ಬ್ರೇಕಿನಿಂದ ನನ್ನ ಹೆಂಡತಿ ಸತ್ತೇ ಹೋಗುತ್ತಿದ್ದಳು. ನಿಮ್ಮ ನಿಮ್ಮ ಮನೆಯವರ ಜೀವ ಬೇಕಾದವರು ಅಲ್ಲಿಗೆ ಗಾಡಿ ಕೊಡಬೇಡಿ."

ಒಂದು ಗಂಟೆಯಲ್ಲಿ ಹದಿನಾಲ್ಕು ಉತ್ತರ. ಪ್ಯಾಕಿಂಗಿನ ದಿಲೀಪ, "ನಾಳೆ ಕೊಡುವುದಿತ್ತು, ಶಹಾಬಾದಿಗೆ ಒಯ್ಯುತ್ತೇನೆ" ಎಂದು ಬರೆದ. ಓದಿದಾಗ ಎದೆಯಲ್ಲಿ ಏನೋ ಸರಿಯಾಗಿ ಕೂತಂತೆ ಅನಿಸಿತು.

ರಮಾ ಒಂದೇ ಕೈಯಲ್ಲಿ ಅವರೆ ಬಿಡಿಸುತ್ತಿದ್ದಳು. ಓದಿ ತೋರಿಸಿದೆ.

"ಕಳಿಸಿದ್ರೇನು?"

"ಕಳಿಸೀನಿ."

"ಹೂಂ," ಎಂದಳು. ಕಾಯಿಯನ್ನು ಹಲ್ಲಿನಿಂದ ಸೀಳಿದಳು.

ಫೆಬ್ರವರಿ ೬, ಗುರುವಾರ

ಪ್ಲಾಸ್ಟರ್ ಹಾಕಿದ ಕೈಯಲ್ಲೇ ಬಸ್ಸಿಗೆ ಹೋದಳು. ಚಿತ್ತಾಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ರಜೆ ಹಾಕೆಂದರೆ ಕೇಳಲಿಲ್ಲ. ಗಾಡಿ ರಿಪೇರಿ ಮಾಡಿಸೋಣ, ಕೈ ಗುಣವಾದ ಮೇಲೆ ಮತ್ತೆ ಓಡಿಸುವಿಯಂತೆ ಎಂದೆ.

"ಆ ಗಾಡ್ಯಾಗ ನಾ ಕುಂದ್ರಂಗಿಲ್ಲ."

ಅಂಜಿಕೆ ಹೊಕ್ಕಿದೆ. ನಲವತ್ತಾರನೇ ವಯಸ್ಸಿಗೆ ಹಟ ಹಿಡಿದು ಗಾಡಿ ಕಲಿತವಳು. ನಾನು ಕಲಿಸಲು ಹೋಗಿ ಎರಡೇ ದಿನಕ್ಕೆ ಜಗಳವಾಗಿ ಬಿಟ್ಟಿದ್ದೆವು. ಕೊನೆಗೆ ಕಲಿಸಿದವನು ಆ ಮಜೀದಸಾಬನೇ, ಹಳೇ ಕಲ್ಲುಗಣಿಯ ಬಯಲಿನಲ್ಲಿ. ಕಲಿಸಿದವನೇ ಈಗ ಅವಳ ಕಾಲಿನ ಧೈರ್ಯ ಕಿತ್ತುಕೊಂಡ. ಇದನ್ನು ಗುಂಪಿಗೆ ಬರೆದ ಮಾತಿಗೆ ಸೇರಿಸಬೇಕಿತ್ತು.

ಫೆಬ್ರವರಿ ೯, ಭಾನುವಾರ

ಹಣಮವ್ವ ರಮಾಳನ್ನು ನೋಡಲು ಬಂದಿದ್ದಳು. ನಗುವಾಗ ಸೆರಗು ಬಾಯಿಗೆ ಹಿಡಿಯುವುದನ್ನು ಇನ್ನೂ ಕಲಿತಿಲ್ಲ.

"ಹಲ್ಲು ಕಟ್ಟಿಸಿಕೊಡ್ತೀನಿ ಹಣಮವ್ವ," ಎಂದೆ.

"ಇರ್ಲಿ ಬಿಡ್ರಿ ಸಾಹೇಬ್ರ. ಒಂದು ಮೊದ್ಲೇ ಅಳ್ಳಾಡ್ತಿತ್ತು. ಇನ್ನೊಂದು ಅದರ ಜೋಡಿ ಹ್ವಾತು. ಈಗ ಪೋಲಿಯೋ ಹನಿ ಹಾಕಬೇಕಾದ್ರ ಹುಡುಗ್ರು ನನ್ನ ಬಾಯಿ ನೋಡಿ ತಾವೇ ಬಾಯಿ ತಗೀತಾವ."

ರಮಾ ನಕ್ಕಳು. ಹತ್ತು ದಿನದಲ್ಲಿ ಮೊದಲ ಸಲ.

"ಆ ಮಜೀದಸಾಬ ನಿಮ್ಮ ಹಲ್ಲು ಕಟ್ಟಿಸಿಕೊಡಬೇಕು. ಅವ ನೋಡಿದ್ರ ಇದು ಆಗ್ತಿದ್ದಿಲ್ಲ," ಎಂದೆ.

ಹಣಮವ್ವ ರಮಾಳ ಮುಖ ನೋಡಿದಳು. ರಮಾ ಚಹಾದ ಬಟ್ಟಲು ನೋಡಿದಳು.

"ನನಗೇನು ತಿಳೀತದ್ರಿ ಗಾಡಿದು," ಎಂದಳು ಹಣಮವ್ವ. "ನಾ ನಾಕನೇತ್ತ ಓದಿದಾಕಿ."

ಇವರಿಬ್ಬರ ನಡುವೆ ಏನೋ ಇದೆ. ಹೆಂಗಸರು ಒಂದಾದರೆ ಮನೆಯ ಗಂಡಸೇ ಹೊರಗಿನವನು. ಅದಕ್ಕೂ ಸಿಟ್ಟು ಬಂತು.

ಫೆಬ್ರವರಿ ೧೩, ಗುರುವಾರ

ಲ್ಯಾಬಿನಲ್ಲಿ ಒಂಬತ್ತು ಕ್ಯೂಬ್ ಒಡೆದೆ. ಇಪ್ಪತ್ತೇಳು ವರ್ಷದಿಂದ ಇದೇ ಕೆಲಸ. ಸಿಮೆಂಟಿನ ಗಟ್ಟಿಗಳ ಮೇಲೆ ಎರಕ ಹೊಯ್ದ ತಾರೀಖು ಬಣ್ಣದಿಂದ ಬರೆದಿರುತ್ತದೆ. ಇಪ್ಪತ್ತೆಂಟನೇ ದಿನ ಯಂತ್ರದ ಬಾಯಿಗೆ ಇಟ್ಟು, ಮುರಿಯುವ ತನಕ ಒತ್ತುವುದು. ಮುರಿಯುವುದಕ್ಕೆ ಸ್ವಲ್ಪ ಮೊದಲು ಗಟ್ಟಿ ಒಂದು ಸಣ್ಣ ಸದ್ದು ಮಾಡುತ್ತದೆ. ಆ ಸದ್ದು ಕೇಳಿದವನು ಅಂಕಿ ನೋಡಲು ಸಿದ್ಧನಾಗುತ್ತಾನೆ. ಅಷ್ಟೇ. ಯಾರೂ ಯಂತ್ರ ನಿಲ್ಲಿಸುವುದಿಲ್ಲ.

ಡಿಸೆಂಬರ್‌ನಲ್ಲಿ ರಮಾ ಹೇಳಿದ್ದಳು: "ಬ್ರೇಕ್ ಒತ್ತಿದ್ರ ಕಿರ್ ಅಂತದ್ರಿ." ಧೂಳು ಎಂದಿದ್ದೆ. ಈ ಊರಿನಲ್ಲಿ ಎಲ್ಲದಕ್ಕೂ ಧೂಳೇ ಉತ್ತರ. ಕೆಮ್ಮಿದರೆ ಧೂಳು, ಫ್ಯಾನು ನಿಂತರೆ ಧೂಳು, ತುಳಸಿ ಒಣಗಿದರೆ ಧೂಳು. ಹತ್ತರಲ್ಲಿ ಒಂಬತ್ತು ಸಲ ಅದು ನಿಜವೂ ಹೌದು.

ಮಜೀದಸಾಬ ಎಲ್ಲಾ ಸರಿ ಇದೆ ಎಂದಿದ್ದಾನೆ ಎಂದು ನಾನೇ ಅವಳಿಗೆ ಹೇಳಿದ್ದೆ. ಅದಕ್ಕೇ ಅವಳು ಮತ್ತೆ ಕೇಳಲಿಲ್ಲ.

ಪ್ಯಾಡ್ ನಾನೇ ಹಾಕುತ್ತೇನೆ. ಮನೆಯಲ್ಲೇ. ನಾಲ್ಕು ವಿಡಿಯೋ ನೋಡಿದೆ. ಗಾಲಿ ಬಿಚ್ಚುವುದು, ಪ್ಯಾಡುಗಳನ್ನು ಅಪ್ಪಿ ಹಿಡಿದ ಕ್ಯಾಲಿಪರ್ ಎತ್ತುವುದು, ಹಳೆಯದು ತೆಗೆದು ಹೊಸದು ಕೂರಿಸುವುದು. ಇದಕ್ಕೊಬ್ಬ ಮಿಸ್ತ್ರಿ, ಅವನಿಗೊಂದು ಸಲಾಮು, ಅವನ ಕಪ್ಪು ಚಹಾ. ಸಾಕು.

ಫೆಬ್ರವರಿ ೧೯, ಬುಧವಾರ

ಕಲಬುರಗಿಯಿಂದ ಪ್ಯಾಡ್ ತಂದೆ. ನಾಲ್ಕು ತುಂಡು, ಅಂಗೈಯಗಲ, ನಾನು ಅಂದುಕೊಂಡದ್ದಕ್ಕಿಂತ ಭಾರ.

ಬಸ್ಸು ಗ್ಯಾರೇಜಿನ ಮುಂದೆ ನಿಂತಿತು. ಯಾವಾಗಲೂ ಐದಾರು ಗಾಡಿ ಸಾಲಿರುತ್ತಿದ್ದ ಜಾಗದಲ್ಲಿ ಒಂದು ಮೋಟಾರ್ ಸೈಕಲ್. ಮಜೀದಸಾಬ ಟೈರಿನ ಮೇಲೆ ಕೂತು ಪೇಪರು ಓದುತ್ತಿದ್ದ. ಕಿಟಕಿಯಲ್ಲಿ ನನ್ನನ್ನು ಕಂಡು ಕೈ ಎತ್ತಿದ. ನಾನು ಎತ್ತಲಿಲ್ಲ. ಎತ್ತಿದ ಕೈಯನ್ನು ಅವನು ತಲೆಗೆ ಒಯ್ದು ಟೋಪಿ ಸರಿಮಾಡಿಕೊಂಡ.

ಬಂದು ಜಗಳ ಮಾಡಬಹುದಿತ್ತಲ್ಲ. ನಾಲ್ಕು ಜನರ ಮುಂದೆ ಕೊರಳಪಟ್ಟಿ ಹಿಡಿದು, ನಾನು ಹೇಳಿರಲಿಲ್ಲವೇ ಎಂದು ಕೇಳಬಹುದಿತ್ತಲ್ಲ. ಅವನ ಈ ಸುಮ್ಮನಿರುವಿಕೆಯಷ್ಟು ಸಿಟ್ಟು ತರಿಸುವುದು ಬೇರೇನೂ ಇಲ್ಲ.

ಫೆಬ್ರವರಿ ೨೩, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಗ್ಗೆ ಎಂಟಕ್ಕೆ ಶುರು ಮಾಡಿದೆ. ಬಲ ಗಾಲಿಯ ನಟ್ಟು ಸಡಿಲಿಸಿ ಜ್ಯಾಕ್ ಹಚ್ಚಿದೆ. ಜ್ಯಾಕ್ ಒಂದನ್ನೇ ನಂಬಬೇಡಿ, ಕೆಳಗೆ ಆಸರೆ ಕೊಡಿ ಎಂದು ವಿಡಿಯೋದವನು ಹೇಳಿದ್ದ. ಅವನ ಬಳಿ ಕಬ್ಬಿಣದ ಕುದುರೆಗಳಿದ್ದವು. ನಮ್ಮ ಹಿತ್ತಲಲ್ಲಿ ಇರುವುದು ಫರಸಿ, ಶಹಾಬಾದಿ ಕಲ್ಲಿನ ಚಪ್ಪಡಿ. ಇಲ್ಲಿ ಯಾರ ಹಿತ್ತಲಲ್ಲಿ ಇಲ್ಲ? ನೆಲಕ್ಕೆ ಫರಸಿ, ಗೋಡೆಗೆ ಫರಸಿ, ಬಟ್ಟೆ ಒಗೆಯಲು, ಬಾನಿ ಮುಚ್ಚಲು, ಗೋರಿಗೆ. ಒಂದೂವರೆ ಇಂಚು ದಪ್ಪದ ಎಂಟು ತುಂಡು ಒಂದರ ಮೇಲೊಂದು ಇಟ್ಟು ಗಾಡಿಯ ಹೊಟ್ಟೆಗೆ ಆಸರೆ ಮಾಡಿ ಜ್ಯಾಕ್ ಇಳಿಸಿದೆ. ಲೆಕ್ಕವನ್ನೂ ಹಾಕಿದ್ದೆ. ಈ ಕಲ್ಲು ಎಷ್ಟು ಒತ್ತಡ ತಾಳುತ್ತದೆ ಎಂಬುದು ನನಗೆ ಬಾಯಿಪಾಠ. ಇಂಥ ಹತ್ತು ಗಾಡಿ ನಿಲ್ಲಿಸಬಹುದು.

ಗಾಲಿ ಬಂತು. ಕ್ಯಾಲಿಪರಿನ ಎರಡು ಬೋಲ್ಟ್ ಬಿಚ್ಚಲು ಮುಕ್ಕಾಲು ಗಂಟೆ. ಅದನ್ನು ಎತ್ತಿ ತಂತಿಯಿಂದ ಕಟ್ಟಿ ಪ್ಯಾಡ್ ಹೊರಗೆ ತೆಗೆದೆ. ಹೊರಗಿನ ಪ್ಯಾಡಿನಲ್ಲಿ, ಗಾಲಿಯ ಜೊತೆ ತಿರುಗುವ ಡಿಸ್ಕನ್ನು ಉಜ್ಜಿ ಹಿಡಿಯುವ ಮಸಾಲೆ ಉಗುರಿನಷ್ಟು ಉಳಿದಿತ್ತು. ಒಳಗಿನದರಲ್ಲಿ ಏನೂ ಇರಲಿಲ್ಲ. ಬರೀ ಕಬ್ಬಿಣದ ಪಟ್ಟಿ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತೆ. ಇದರ ಮೇಲೆ ಅವಳು ಎರಡೂವರೆ ತಿಂಗಳು ದಂಡೋತಿಗೆ ಹೋಗಿಬಂದಿದ್ದಾಳೆ.

ಹೊಸ ಪ್ಯಾಡಿಗೆ ಜಾಗವಾಗಲು ಒಳಗಿನ ಪಿಸ್ಟನ್ ಹಿಂದಕ್ಕೆ ಒತ್ತಬೇಕು. ಒತ್ತುವ ಮೊದಲು ಬಾನೆಟ್ ತೆಗೆದು ಬ್ರೇಕ್ ಎಣ್ಣೆಯ ಮುಚ್ಚಳ ಸಡಿಲಿಸಬೇಕು. ಮಜೀದಸಾಬ ಕಟ್ಟಿದ ತಂತಿ ಕತ್ತರಿಸಿ ಬಾನೆಟ್ ಎತ್ತಿದೆ.

ಈ ಮನುಷ್ಯನಿಗೊಂದು ರೂಢಿ. ಚೀಟಿ ಬರೆದರೆ ಜನ ಕಳೆಯುತ್ತಾರೆಂದು, ಮಾಡಿದ ಕೆಲಸ, ಮಾಡಬೇಕಾದ ಕೆಲಸ ಎಲ್ಲವನ್ನೂ ಹಳದಿ ಬಣ್ಣದಲ್ಲಿ ಬಾನೆಟ್ಟಿನ ಒಳಬದಿಗೇ ಬರೆಯುತ್ತಾನೆ. ವಾಡಿಯ ಅರ್ಧ ಗಾಡಿಗಳ ಬಾನೆಟ್ ಎತ್ತಿದರೆ ಅವನ ಸೊಟ್ಟ ಅಕ್ಷರ ಕಾಣುತ್ತದೆ. ನನಗೆ ಅದು ಗೊತ್ತಿತ್ತು. ಮರೆತಿದ್ದೆ ಎಂದರೆ ಸುಳ್ಳು.

೧೭-೧೧. ಆಯಿಲ್ ಹೊಸದು. ಮುಂದಿನ ಪ್ಯಾಡ್ ಖಲಾಸ್. ತುರ್ತು. ಸಾಹೇಬ್ರಿಗೆ ಹೇಳೀನಿ.

ಹೌದು, ಹೇಳಿದ್ದ. ಗಾಲಿ ಬಿಚ್ಚಿ, ಕುಕ್ಕರುಗಾಲಲ್ಲಿ ಕೂತು, ಬ್ಯಾಟರಿ ಬೆಳಕು ಬಿಟ್ಟು ತೋರಿಸಿ ಹೇಳಿದ್ದ. "ಈ ವಾರದಾಗ ಹಾಕಿಬಿಡ್ರಿ ಸಾಹೇಬ್ರ, ಬಾಯಾರು ದಿನಾ ಹೋಗ್ತಾರ." ರಮಾಳನ್ನು ಅವನು ಕರೆಯುವುದೇ ಬಾಯಾರು ಎಂದು. ನನಗೆ ಎರಡರ ಪಾಳಿಗೆ ಹೊತ್ತಾಗಿತ್ತು. ಮಿಸ್ತ್ರಿಗಳು ಹೀಗೇ ಹೇಳುವುದು ಎಂದುಕೊಂಡೆ. ನೋಡೋಣ ಎಂದೆ. ಮನೆಗೆ ಬಂದಾಗ ರಮಾ ಕೇಳಿದಳು, ಏನಂದ ಎಂದು. ಎಲ್ಲಾ ಸರಿ ಇದೆ ಅಂದ ಎಂದೆ. ವಿವರಿಸಲು ಬೇಸರವಾಗಿತ್ತು, ಅಷ್ಟೇ. ಇಷ್ಟು ಸಣ್ಣದು.

ಥಿನ್ನರ್ ಬಾಟಲಿ ಪಕ್ಕದಲ್ಲೇ ಇತ್ತು. ಬಟ್ಟೆಗೆ ಸುರಿದುಕೊಂಡು ಒರೆಸತೊಡಗಿದೆ. ಅವನ ಮೇಲೆ ಎಂಥ ಸಿಟ್ಟು ಬಂತೆಂದರೆ, ಹಳದಿ ಬಣ್ಣ ಬೆರಳಿಗೆ ಹತ್ತಿದರೂ ಬಿಡದೆ, ಎರಡೂ ಕೈಯಲ್ಲಿ, ಮೈಭಾರ ಹಾಕಿ ಉಜ್ಜಿದೆ. ಗಾಡಿ ಅಲುಗಾಡುತ್ತಿತ್ತು. ಕೆಳಗೆ ಟಕ್ ಎಂದಿತು. ಪರಿಚಯದ ಸದ್ದು. ದಿನಾ ಲ್ಯಾಬಿನಲ್ಲಿ ಕೇಳುವುದು.

ಹಿಂದೆ ಸರಿದೆ. ಫರಸಿಯ ಸಾಲು ನಡುವೆ ಸೀಳಿ, ಗಾಡಿ ಒಮ್ಮೆಲೇ ಬಲಕ್ಕೆ ಕುಸಿಯಿತು. ಗಾಲಿ ಬಿಚ್ಚಿದ ಕಡೆಯ ಡಿಸ್ಕ್ ನೆಲಕ್ಕೆ ಬಡಿದು ಫರಸಿ ಚೂರು ಮೊಣಕಾಲಿಗೆ ಹಾರಿತು. ಐದು ನಿಮಿಷದ ಹಿಂದೆ ನನ್ನ ಎರಡೂ ಕೈ ಅಲ್ಲಿದ್ದವು.

ರಮಾ ಬಾಗಿಲಿಗೆ ಬಂದು ನನ್ನ ಕೈ ನೋಡಿದಳು, ಹತ್ತೂ ಬೆರಳು. ಒಳಗೆ ಹೋಗಿ ಫೋನು ಮಾಡಿದಳು. ಯಾರಿಗೆ ಎಂದು ಕೇಳುವ ಅಗತ್ಯವಿರಲಿಲ್ಲ.

ಮಜೀದಸಾಬ ಇಪ್ಪತ್ತು ನಿಮಿಷದಲ್ಲಿ ಬಂದ. ಆಟೋದಲ್ಲಿ ದೊಡ್ಡ ಜ್ಯಾಕ್, ರೈಲು ಹಳಿಯ ಕೆಳಗಿನ ಹಳೇ ಸ್ಲೀಪರಿನ ಎರಡು ಮರದ ತುಂಡು. ಸೀಳಿದ ಫರಸಿಯನ್ನು ಕಾಲಿನಿಂದ ಸರಿಸಿ ನೋಡಿದ.

"ದಿನಾ ಕಲ್ಲು ಒಡಿಯೋ ನೌಕರಿ ಮಾಡೋರು ನೀವು. ಫರಸಿ ಮ್ಯಾಲ ಮಂದಿ ಮಲಗ್ತಾರ್ರಿ ಸಾಹೇಬ್ರ, ಗಾಡಿ ಮಲಗಂಗಿಲ್ಲ."

"ಲೆಕ್ಕ ಹಾಕಿದ್ದೆ," ಎಂದೆ.

"ಲೆಕ್ಕ ಬರೋಬ್ಬರಿ ಇರಬೇಕ್ರಿ. ನಿಮ್ಮ ಅಂಗಳ ಬರೋಬ್ಬರಿ ಇಲ್ಲ. ತಳಾಗ ಟೊಳ್ಳು ಇದ್ರ ಫರಸಿ ಬಾಗ್ತದ. ಬಾಗಿತೂ ಅಂದ್ರ ಹೋತು. ನೆಟ್ಟಗ ಒತ್ತಿದ್ರಷ್ಟೇ ಅದು ಏನ್ ಬೇಕಾದ್ದು ತಾಳ್ತದ."

ಮಜೀದಸಾಬರು ಗಾಡಿ ಎತ್ತಿ ಮರದ ಮೇಲೆ ಕೂರಿಸಿದರು. ಡಿಸ್ಕಿನ ಹಿಂದಿನ ತಗಡು ಬಾಗಿತ್ತು, ಸುತ್ತಿಗೆಯಿಂದ ನೆಟ್ಟಗೆ ಮಾಡಿದರು. ಆಮೇಲೆ ನಿಂತು ಬಾನೆಟ್ಟಿನ ಕಡೆ ನೋಡಿದರು. ಬರಹವಿದ್ದ ಜಾಗದಲ್ಲಿ ಹಳದಿ ಕಲೆ ಅಂಗೈಯಗಲ ಹರಡಿತ್ತು. ನನ್ನ ಬೆರಳುಗಳೂ ಹಳದಿ. ಅವನ್ನೂ ನೋಡಿದರು. ಸ್ಪ್ಯಾನರು ನನ್ನ ಕೈಗೆ ಕೊಟ್ಟರು.

"ಸುರು ಮಾಡೀರಿ, ನೀವೇ ಮುಗಸ್ರಿ."

ಪಿಸ್ಟನ್ ಒತ್ತಿದೆ. ಹೊಸ ಪ್ಯಾಡ್ ಕೂರಿಸಿದೆ. ಎರಡು ಸಲ ತಿರುಗುಮುರುಗಾಗಿ ಹಿಡಿದೆ, ಎರಡು ಸಲವೂ ಅವರು ಗಂಟಲು ಕೆಮ್ಮಿದರು, ಅಷ್ಟೇ. ಎಡ ಗಾಲಿ ಮುಗಿಯುವಾಗ ಮಧ್ಯಾಹ್ನ ಎರಡು. ಒಳಗೆ ಕೂತು ಬ್ರೇಕ್ ಒತ್ತಿದೆ. ಪೆಡಲು ತಡೆಯಿಲ್ಲದೆ ನೆಲ ಮುಟ್ಟಿತು. ಬಾಗಿಲು ತೆರೆದು ಅವರ ಮುಖ ನೋಡಿದೆ.

"ಅಂಜಬ್ಯಾಡ್ರಿ. ಹೊಸಾ ಪ್ಯಾಡಿಗಿ ಎಲ್ಲಿ ನಿಂದ್ರಬೇಕಂತ ಇನ್ನಾ ಗೊತ್ತಾಗಿಲ್ಲ. ಒತ್ತಕೋತ ಇರ್ರಿ. ಒತ್ರಿ... ಇನ್ನಾ ಒತ್ರಿ..."

ಏಳನೆಯದಕ್ಕೋ ಎಂಟನೆಯದಕ್ಕೋ ಕಾಲಿನ ಕೆಳಗೆ ಗಟ್ಟಿಯಾಯಿತು.

"ಪ್ಯಾಡ್ ಆತು. ಡಿಸ್ಕಿಗಿ ಗೀರು ಬಿದ್ದಾವ. ಮೆಲ್ಲಕ ಗ್ಯಾರೇಜಿನ ತನಕಾ ತರಬಹುದು. ಅದು ಬದಲಿ ಆಗೋ ತನಕಾ ದಂಡೋತಿ ಹಾದಿ ಹಿಡೀಬ್ಯಾಡ್ರಿ," ಎಂದರು. ಜೇಬಿನಿಂದ ಹಳದಿ ಬಣ್ಣದ ಡಬ್ಬಿ, ಮೊಂಡು ಕುಂಚ ತೆಗೆದರು. "ಬರೀಲೇನ್ರಿ?"

"ಬರೀರಿ."

ಕಲೆಯ ಮೇಲೇ ಬರೆದರು. ೨೩-೨. ಪ್ಯಾಡ್ ಹೊಸದು. ಡಿಸ್ಕ್ ಬದಲಿ, ತುರ್ತು. ಸಾಹೇಬ್ರಿಗೆ ಹೇಳೀನಿ. ಕುಂಚ ಹಾಗೇ ಹಿಡಿದು, "ಬಾಯಾರ, ಸ್ವಲ್ಪ ಹೊರಗ ಬರ್ರಿ," ಎಂದು ಕೂಗಿದರು. ರಮಾ ಬಂದಳು. ಡಿಸ್ಕಿನ ವಿಷಯ ನನಗೆ ಹೇಳಿದ ಹಾಗೇ ಅವಳಿಗೂ ತೋರಿಸಿ ಹೇಳಿದರು. ಆಮೇಲೆ ಇನ್ನೊಂದು ಸಾಲು ಸೇರಿಸಿದರು: ಬಾಯಾರಿಗೂ ಹೇಳೀನಿ.

ಚಹಾ ಕುಡಿಯದೆ ಹೋದರು.

ನಾನು ಥಿನ್ನರಿನಲ್ಲಿ ಕೈ ತೊಳೆಯುತ್ತಿದ್ದೆ. ರಮಾ ಬಚ್ಚಲ ಬಾಗಿಲಲ್ಲಿ ನಿಂತಳು.

"ಅಳಿಸಿದ್ರೇನು?"

ಉಗುರಿನ ಸಂದಿಯ ಹಳದಿ ಉಜ್ಜಿದೆ.

"ಅವತ್ತೇ ಸೇತುವಿ ಮ್ಯಾಲ ಹಣಮವ್ವ ಓದ್ಯಾಳ. ರಕ್ತ ಉಗಳಕೋತ, ಒಂದೊಂದೇ ಅಕ್ಷರ ಕೂಡಿಸಿ, ಜೋರಾಗಿ ಓದ್ಯಾಳ. ಸಾಹೇಬ್ರಿಗೆ ಹೇಳೀನಿ ಅಂತ ಬರದದ ಸಿಸ್ಟರ್ ಅಂದಳು. ಇಪ್ಪತ್ನಾಕು ದಿನ ಆತು. ಇವತ್ತು ಹೇಳ್ತಾರ, ನಾಳಿ ಹೇಳ್ತಾರ ಅಂತ ನೋಡ್ಲಿಕತ್ತೀನಿ. ನೀವು ಅವರಿಗಿ ಬೈಯ್ಯಾಕತ್ತೀರಿ."

"ಗಾಡಿಗಿ ಅಂಜೀದಿ ಅಂದ್ಕೊಂಡಿದ್ದೆ," ಎಂದೆ. ಯಾಕೆ ಅದನ್ನೇ ಹೇಳಿದೆನೋ.

"ನಾ ಗಾಡಿಗಿ ಅಂಜಿಲ್ಲ. ಆ ಗುಂಪಿನ್ಯಾಗ ಖರೆ ಏನದ ಅದನ್ನ ಬರೀರಿ. ಬರಿಯೋ ತನಕಾ ನಾ ಆ ಗಾಡ್ಯಾಗ ಕುಂದ್ರಂಗಿಲ್ಲ."

ಫೆಬ್ರವರಿ ೨೪, ಸೋಮವಾರ

ಸೇತುವೆಯ ಮೇಲೇ ಅವಳು ಹೇಳಬಹುದಿತ್ತು. ಇಪ್ಪತ್ನಾಲ್ಕು ದಿನ ನನ್ನನ್ನು ಯಂತ್ರದ ಬಾಯಲ್ಲಿಟ್ಟು ನೋಡಿದಳು. ಮೂರು ಜನಕ್ಕೂ ಗೊತ್ತಿತ್ತು. ಮೂರು ಜನರ ಮೇಲೂ ಸಿಟ್ಟಿದೆ.

ಮಾರ್ಚ್ ೧, ಶನಿವಾರ

ಬರೆದೆ: "ಮಜೀದಸಾಬರ ಬಗ್ಗೆ ಹಿಂದೆ ಹಾಕಿದ ಸಂದೇಶದಲ್ಲಿ ಕೆಲವು ತಪ್ಪು ತಿಳುವಳಿಕೆಗಳಿದ್ದು..." ಅಳಿಸಿದೆ. ಯಾರ ತಿಳುವಳಿಕೆ?

ಮಾರ್ಚ್ ೪, ಮಂಗಳವಾರ

"ಪಾಳಿಯ ಅವಸರದಲ್ಲಿ ನನ್ನ ಗಮನಕ್ಕೆ ಬಾರದೆ..." ಗಮನಕ್ಕೆ ಬಂದಿತ್ತು. ಬ್ಯಾಟರಿ ಬೆಳಕು ಬಿಟ್ಟು ತೋರಿಸಿದ್ದರು.

ರಮಾ ಬಸ್ಸಿನಿಂದ ಆರು ಗಂಟೆಗೆ ಬಂದಳು. ನಿಂತೇ ಬಂದೆ ಎಂದಳು.

ಮಾರ್ಚ್ ೯, ಭಾನುವಾರ

"ನವೆಂಬರ್ ೧೭ರಂದು ಮಜೀದಸಾಬರು ಬ್ರೇಕ್ ಪ್ಯಾಡ್ ಮುಗಿದಿದೆ, ಕೂಡಲೇ ಹಾಕಿಸಿ ಎಂದು ನನಗೆ ತೋರಿಸಿ ಹೇಳಿದ್ದರು. ನಾನು ಹಾಕಿಸಲಿಲ್ಲ. ಎಲ್ಲಾ ಸರಿ ಇದೆ ಎಂದು ಹೆಂಡತಿಗೆ ಸುಳ್ಳು ಹೇಳಿದೆ. ಗುಂಪಿಗೂ ಸುಳ್ಳು ಬರೆದೆ. ಸಂಘಪಾಲ, ಲ್ಯಾಬ್."

ಕಳಿಸಿದೆ. ಹನ್ನೊಂದು ಗಂಟೆ ಹತ್ತು ನಿಮಿಷ.

ಆ ಸಲ ಒಂದು ಗಂಟೆಯಲ್ಲಿ ಹದಿನಾಲ್ಕು ಉತ್ತರ ಬಂದಿತ್ತು. ಈ ಸಲ ಸಂಜೆಯವರೆಗೆ ಒಂದು. ದಿಲೀಪ: "ಹಾಗಾದರೆ ಮೊದಲು ಯಾಕೆ ಹಾಗೆ ಬರೆದಿರಿ ಸರ್?" ಅವನಿಗೇನು ಬೇಕಾಗಿದೆ? ನನ್ನನ್ನು ಕೇಳುವವನು ಇವನೇ ಸಿಕ್ಕನೇ? ಎರಡು ಸಲ ಉತ್ತರ ಬರೆದು ಅಳಿಸಿದೆ. ಮೂರನೇ ಸಲ "ಗೊತ್ತಿಲ್ಲ" ಎಂದು ಕಳಿಸಿದೆ.

ರಮಾ ತನ್ನ ಕನ್ನಡಕ ಹಾಕಿಕೊಂಡು ನನ್ನ ಫೋನಿನಲ್ಲಿ ಓದಿದಳು. ಎರಡು ಸಲ. ಗೋಡೆಯ ಮೊಳೆಯಿಂದ ಗಾಡಿಯ ಕೀಲಿ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು.

ಮಾರ್ಚ್ ೧೨, ಬುಧವಾರ

ಡಿಸ್ಕ್ ಬದಲಿಯಾಯಿತು. ಹೊಸ ಬಾನೆಟ್ ಹಾಕಿಸಬಹುದು ಎಂದರು ಮಜೀದ್ ಭಾಯಿ. ಬೇಡ ಎಂದೆ. ಸುತ್ತಿಗೆ ಹಿಡಿದು ಅದನ್ನೇ ಅರ್ಧ ದಿನ ಬಡಿದು ನೆಟ್ಟಗೆ ಮಾಡಿದರು. ಗ್ಯಾರೇಜಿನ ಮುಂದೆ ಮೂರು ಗಾಡಿ ಇದ್ದವು. ಮೊದಲಿನಷ್ಟು ಇಲ್ಲ. ಗುಂಪಿನಲ್ಲಿ ಬರೆದದ್ದನ್ನು ತೋರಿಸಲು ಫೋನು ತೆಗೆದೆ.

"ಗೊತ್ತದ್ರಿ. ಇಡ್ರಿ ಒಳಗ," ಎಂದರು. "ಚಹಾ ಕುಡೀತೀರೇನು?"

ಕಪ್ಪು ಚಹಾ. ಕುಡಿದೆ.

ಮಾರ್ಚ್ ೨೦, ಗುರುವಾರ

ರಜೆ ಹಾಕಿದ್ದೆ. ಪ್ಲಾಸ್ಟರ್ ತೆಗೆದು ನಾಲ್ಕು ದಿನ. ಅವಳ ಎಡಗೈ ಸಣ್ಣಗೆ, ಬೆಳ್ಳಗೆ, ಬೇರೆಯವರದ್ದೆಂಬಂತಿದೆ. ಓಡಿಸುವವಳು ಅವಳೇ.

"ಕೈಯಾಗ ಬಲ ಇಲ್ಲ. ಗೇರು ನೀವ್ ಹಾಕ್ರಿ. ನಾ ಅಂದಾಗ."

ವಾಡಿಯಿಂದ ಚಿತ್ತಾಪುರದವರೆಗೆ ಹಾಗೇ. ಅವಳು ಕಾಲು ಒತ್ತಿ "ಎರಡು" ಎಂದರೆ ನಾನು ಎರಡು, "ಮೂರು" ಎಂದರೆ ಮೂರು. ಒಮ್ಮೆ ಅವಳು ಹೇಳುವ ಮೊದಲೇ ಹಾಕಹೋಗಿ ಗೇರು ಕಿರುಚಿತು.

"ಧೂಳು," ಎಂದಳು.

ಚಿತ್ತಾಪುರದಲ್ಲಿ ಹಣಮವ್ವ ಹತ್ತಿದಳು. ಹಿಂದೆ ಲಸಿಕೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತು, "ಸಿಸ್ಟರ್, ಇವತ್ತು ಮುಂದ ಸಾಹೇಬ್ರು ಕುಂತಾರಲ್ಲ, ಹಲ್ಲು ಹ್ವಾದ್ರ ಅವರವೇ ಹೋಗ್ಲಿ," ಎಂದಳು. ಅವಳ ಬಾಯಲ್ಲಿ ಹೊಸ ಹಲ್ಲು ಇನ್ನೂ ಬಂದಿಲ್ಲ. ಅಳತೆ ಕೊಟ್ಟು ಬಂದಿದ್ದೇವೆ.

ಸೇತುವೆಯ ಇಳಿಜಾರು ಬಂತು. ಮೋಟುಕಂಬದ ಮೇಲೆ ನಮ್ಮ ಗಾಡಿಯ ಬಣ್ಣ ಇನ್ನೂ ಇದೆ. ಕೆಳಗೆ ಎಮ್ಮೆಗಳ ಸಾಲು ದಾಟುತ್ತಿತ್ತು. ಗಾಡಿ ವೇಗವಾಗಿ ಇಳಿಯುತ್ತಿದೆ ಅನಿಸಿತು. ಎಮ್ಮೆಗಳಿಗೆ ಹತ್ತು ಮಾರು ಇರುವಾಗ ಗಾಡಿ ಸದ್ದಿಲ್ಲದೆ ನಿಂತಿತು.

ಎಮ್ಮೆ ದಾಟುವ ತನಕ ಕಾದೆವು. ಅವಳು ಮುಂದೆ ನೋಡುತ್ತಲೇ ಇದ್ದಳು.

"ಗಾಡಿ ನಿಂತದ. ಕಾಲು ತಗೀರಿ ಇನ್ನ," ಎಂದಳು.

ನೋಡಿಕೊಂಡೆ. ನನ್ನ ಬಲಗಾಲು, ಬ್ರೇಕಿಲ್ಲದ ನನ್ನ ಕಡೆಯ ನೆಲವನ್ನು ಇದ್ದ ಬಲವೆಲ್ಲ ಹಾಕಿ ಒತ್ತಿಕೊಂಡಿತ್ತು.